ತೀರ್ಥ ಬಿದ್ದ ಹಾರ್ಡ್ ಡಿಸ್ಕು

ನಮ್ಮ ಮನೆಯ ಹಾರ್ಡ್ ಡಿಸ್ಕನ್ನು ಕೆಡಿಸಿದ್ದು ವೈರಸ್ಸಲ್ಲ, ದೇವರ ತೀರ್ಥ. ನಗಬೇಡಿ. ಹೋದ ನವರಾತ್ರಿಯಲ್ಲಿ ಇದು ನಡೆದಾಗ ಮನೆಯಲ್ಲಿ ಯಾರಿಗೂ ನಗು ಬರುವ ಸ್ಥಿತಿ ಇರಲಿಲ್ಲ. ಈಗ ನಗುತ್ತಾ ಬರೆಯುತ್ತಿದ್ದೇನೆಂದರೆ ಅದು ಶ್ರೀ ಹಯಗ್ರೀವ ದೇವರ ಕರುಣೆ. ಆ ಕರುಣೆ ಯಾವ ದಾರಿಯಲ್ಲಿ ಬಂತು ಎಂಬುದನ್ನು ನಂಬಿದವರ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನಾವಿರುವುದು ಚೆನ್ನೈನ ಅಣ್ಣಾ ನಗರದಲ್ಲಿ. ಯಜಮಾನರ ಮನೆತನ ಮದರಾಸಿಗೆ ಬಂದು ತಲೆಮಾರುಗಳೇ ಕಳೆದಿವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗಳು ಮಾಲುವಿಗಂತೂ ಮನೆಯೊಳಗೂ ತಮಿಳೇ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ನನ್ನ ಅತ್ತೆ ಸುಭದ್ರಾಬಾಯಿಯವರ ಹತ್ತಿರ ದೇವರನಾಮ ಕಲಿಯಲು ಶನಿವಾರ ಶನಿವಾರ ಹೆಂಗಸರು ಬರುತ್ತಿದ್ದರು. ಅತ್ತೆ ಒಂದು ಸಾಲು ಹಾಡಿ "ಎಲ್ಲಿ, ಈಗ ನೀನು ಹೇಳು" ಎನ್ನುತ್ತಿದ್ದರು. ತಪ್ಪಿದರೆ ಮಂಗಳಾರತಿ. ಬ್ಯಾಂಕಿನ ಮ್ಯಾನೇಜರಾದರೂ ಸರಿ, ಡಾಕ್ಟರ ಹೆಂಡತಿಯಾದರೂ ಸರಿ, ಅತ್ತೆಯ ಬಾಯಿಗೆ ಎಲ್ಲರೂ ಒಂದೇ. ಆದರೂ ಒಬ್ಬರೂ ಬಿಟ್ಟು ಹೋಗಲಿಲ್ಲ. ಅಂಥ ಕಂಠ ಅವರದು. ಸೊಸೆಯಾದ ನಾನೇ ಹೇಳುತ್ತಿದ್ದೇನೆ ಎಂದ ಮೇಲೆ ನಂಬಬೇಕು.

ಕೋವಿಡ್ ಕಳೆದು ಕೆಲವು ವರ್ಷಗಳಾದ ಮೇಲೆ ಅವರ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಪ್ರಾಣ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು ಆಸ್ಪತ್ರೆಯವರು. ನಾನೂ ಯಜಮಾನರೂ ಕಾರಿಡಾರಿನಲ್ಲಿ ಅಳುತ್ತಾ ಕೂತಿದ್ದರೆ, ಅತ್ತೆ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಒಂದು ದೇವರನಾಮವನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಮೆಲ್ಲಗೆ ಹಾಡಿ ಮುಗಿಸಿದರು. ಕರೆದೊಯ್ಯಲು ಬಂದ ನರ್ಸಮ್ಮ ಅಲ್ಲೇ ನಿಂತು ಕೇಳಿದಳು. ಆಮೇಲೆ ಅತ್ತೆ ನನ್ನ ಕಡೆ ತಿರುಗಿ, "ಅವನು ಕೊಟ್ಟದ್ದು, ಅವನಿಗೇ ಒಪ್ಪಿಸಿದೆ. ನೀ ಯಾಕೆ ಅಳ್ತಿ?" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಮನೆಗೆ ಬಂದ ಮೇಲೂ ಅವರು ಕುಗ್ಗಲಿಲ್ಲ. ಕತ್ತಿಗೆ ಸೆರಗು ಹೊದ್ದುಕೊಂಡು, ನನ್ನನ್ನು ಕರೆಯಬೇಕಾದರೆ ಒಂದು ಚಪ್ಪಾಳೆ, ಮಾಲುವಿಗೆ ಎರಡು ಎಂದು ತಾವೇ ಗೊತ್ತು ಮಾಡಿದರು. ದೇವರ ಮುಂದೆ ತುಟಿ ಅಲ್ಲಾಡಿಸುತ್ತಾ ತೊಡೆಯ ಮೇಲೆ ತಾಳ ಹಾಕುತ್ತಾ ಕೂರುತ್ತಿದ್ದರು. ಅದನ್ನು ನೋಡಿಯೇ ನನ್ನ ಭಕ್ತಿ ಬೆಳೆಯಿತು.

ಅವರ ದನಿ ಉಳಿದದ್ದು ಒಂದೇ ಕಡೆ. ಶನಿವಾರದ ಪಾಠಗಳನ್ನು ನಾನು ವರ್ಷಗಟ್ಟಲೆ ರೆಕಾರ್ಡ್ ಮಾಡಿದ್ದೆ. ಕೆಮ್ಮು, ಕುಕ್ಕರಿನ ಸೀಟಿ, ಬೈಗುಳ ಎಲ್ಲವನ್ನೂ ಕತ್ತರಿಸಿ, ಹಾಡನ್ನು ಮಾತ್ರ ಚೊಕ್ಕಟ ಮಾಡಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿದ್ದೆ. ಹಳೆಯ ಲ್ಯಾಪ್‌ಟಾಪನ್ನು ಖಾಲಿ ಮಾಡಿ ಯಾರಿಗೋ ಕೊಟ್ಟೂ ಆಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅದರಿಂದ ಒಂದು ಹಾಡು ಹಾಕುತ್ತಿದ್ದೆವು. ಅತ್ತೆ ಕಣ್ಣು ಮುಚ್ಚಿ ತಮ್ಮದೇ ಹಾಡಿಗೆ ತಾಳ ಹಾಕುತ್ತಿದ್ದರು.

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನೂ ತಂಬೂರಿಯನ್ನೂ ಪೂಜೆಗೆ ಇಡುವುದು ನಮ್ಮ ಪದ್ಧತಿ. ಅತ್ತೆ ಒಂದು ಚಪ್ಪಾಳೆ ತಟ್ಟಿ, ಡಿಸ್ಕನ್ನೂ ತಾ ಎಂದು ಸನ್ನೆ ಮಾಡಿದರು. ಅವರ ವಿದ್ಯೆಯೆಲ್ಲ ಅದರೊಳಗೆ ಇರುವಾಗ ಇಡದೆ ಇರುವುದು ಹೇಗೆ? ಕುಂಕುಮ ಹಚ್ಚಿ ತಂಬೂರಿಯ ಪಕ್ಕದಲ್ಲಿಟ್ಟೆ. ಅಡುಗೆಮನೆಯಲ್ಲಿ ನೈವೇದ್ಯಕ್ಕೆ ಕಡಲೆಬೇಳೆಯ ಹಯಗ್ರೀವ ಮಡ್ಡಿಯನ್ನು ಕೈಯಾಡಿಸುತ್ತಿದ್ದುದರಿಂದ ಪೂಜೆ ಪೂರ್ತಿ ನೋಡಲಾಗಲಿಲ್ಲ. ಪ್ರತಿ ವರ್ಷ ಅತ್ತೆ ಸರಸ್ವತಿಯನ್ನು ಹಾಡಿ ಕರೆಯುತ್ತಿದ್ದರು. ಈ ವರ್ಷ ಹಾಡಲಾಗಲಿಲ್ಲವಲ್ಲ, ಆ ಭಕ್ತಿಯೆಲ್ಲ ಕೈಗೆ ಬಂದುಬಿಟ್ಟಿತು. ಪ್ರೋಕ್ಷಣೆಗೆ ತುಳಸಿದಳದಿಂದ ಚಿಮುಕಿಸುವ ಬದಲು ಉದ್ಧರಣೆಯ ಚಮಚ ತುಂಬ ತುಂಬ ತೀರ್ಥ ಎರೆದಿದ್ದಾರೆ.

ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಆ ದಿನ ಮುಟ್ಟದೆ ಇರುವ ಹಾಗೂ ಇಲ್ಲ, ಸ್ವಲ್ಪವಾದರೂ ಓದಬೇಕು, ನುಡಿಸಬೇಕು. ಮಾಲು ಪುಸ್ತಕ ಓದಿದಳು, ನಾನು ಡಿಸ್ಕಿಗೆ ವೈರು ಚುಚ್ಚಿದೆ. ಒಳಗೆ ಕರಕರ ಎಂದಿತು, ಆಮೇಲೆ ಅದೂ ಇಲ್ಲ. ಡಿಸ್ಕನ್ನು ಎತ್ತಿದರೆ ವೈರು ಚುಚ್ಚುವ ತೂತಿನಿಂದ ತುಳಸಿಯ ವಾಸನೆಯ ನೀರು ನನ್ನ ಅಂಗೈಗೆ ಬಿತ್ತು. ಅತ್ತೆ ಅದನ್ನು ನೋಡಿದರು. ತೀರ್ಥದ ಪಂಚಪಾತ್ರೆಯನ್ನು ನೋಡಿದರು. ಅವರ ಮುಖವನ್ನು ನೋಡಲು ನನ್ನಿಂದಾಗಲಿಲ್ಲ.

ಬಸ್ಸು ಹಿಡಿದು ನುಂಗಂಬಾಕ್ಕಂಗೆ ಓಡಿದೆ. ಹೋದ ಫೈಲುಗಳನ್ನು ತೆಗೆದುಕೊಡುವ ಅಂಗಡಿಯೊಂದು ಅಲ್ಲಿದೆ. ಅಲ್ಲಿಯವರು ಡಿಸ್ಕಿನ ಮೇಲಿನ ಕುಂಕುಮ ನೋಡಿ, ಚಪ್ಪಲಿ ಬಿಟ್ಟು ಬಂದು ಕೈಗೆ ತೆಗೆದುಕೊಂಡರು. ಬ್ಯಾಕಪ್ ಇದೆಯಾ ಎಂದು ತಮಿಳಿನಲ್ಲಿ ಕೇಳಿದರು. ಅದೇ ಬ್ಯಾಕಪ್ಪು ಎಂದೆ. ದಿನಗಳಾದ ಮೇಲೆ ಫೋನ್ ಬಂತು. ಒದ್ದೆಯಿದ್ದಾಗಲೇ ಕರೆಂಟು ಹರಿದದ್ದರಿಂದ ಒಳಗಿನ ತಟ್ಟೆಯೆಲ್ಲ ಗೀರಿ ಹೋಗಿದೆ, ಏನೂ ಬರುವುದಿಲ್ಲ, ಮನ್ನಿಸಬೇಕು ಎಂದರು. ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸೊಬ್ಬಳು ನನ್ನ ಬೆನ್ನು ಸವರಿದಳು.

ಮನೆಯಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಕಾದಿತ್ತು. ಆಪರೇಷನ್ನಿಗೆ ಹೆದರದ ನನ್ನ ಅತ್ತೆ ದೇವರ ಮುಂದೆ ಕೂರುವುದನ್ನೇ ಬಿಟ್ಟರು. ತೀರ್ಥ ಕೊಟ್ಟರೆ ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ಒಂದು ದಿನ ಗಂಟಲು ತೋರಿಸಿದರು, ಡಿಸ್ಕು ತೋರಿಸಿದರು, ಆಮೇಲೆ ತಮ್ಮ ಬಲಗೈ ತೋರಿಸಿ ಅದನ್ನು ಎಡಗೈಯಿಂದ ಹೊಡೆದುಕೊಂಡರು. ಒಂದು ಸಲ ದೇವರು ತೆಗೆದುಕೊಂಡ, ಇನ್ನೊಂದು ಸಲ ನನ್ನ ಕೈಯಿಂದಲೇ ತೆಗೆಸಿದ ಎಂದು. ನಾನು ಆ ಕೈ ಹಿಡಿದುಕೊಂಡು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಶನಿವಾರದವರು ಮಾತಾಡಿಸಲು ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನನಗೆ ದೇವರ ಮೇಲೆ ಸಿಟ್ಟು ಬಂತು. ಬಂದದ್ದು ನಿಜ, ಬರೆಯುತ್ತೇನೆ. ದೇವರಮನೆಯಲ್ಲಿ ನಿಂತು ಜಗಳಕ್ಕೇ ಇಳಿದೆ. ಸ್ವಾಮಿ ಹಯಗ್ರೀವ, ಅಸುರರು ಕದ್ದೊಯ್ದ ವೇದಗಳನ್ನೇ ನೀರಿನೊಳಗಿಂದ ತಂದುಕೊಟ್ಟವನಲ್ಲವೇ ನೀನು? ಇದಕ್ಕೆ ಬಿದ್ದದ್ದು ನಾಲ್ಕಾರು ಉದ್ಧರಣೆ ನೀರು, ಅದೂ ನಿನ್ನದೇ ತೀರ್ಥ. ಇದರೊಳಗಿನದನ್ನು ತರಲಾರೆಯಾ? ಹಾಡು ಕೊಡದಿದ್ದರೆ ಬೇಡ, ನನ್ನ ಅತ್ತೆಯನ್ನು ನಿನ್ನ ಮುಂದೆ ತಂದು ಕೂರಿಸು. ಅವರಿಲ್ಲದೆ ನಿನಗೂ ಬೇಜಾರಾಗುತ್ತಿರಬೇಕು. ಹೀಗೆ ದಿನಾ ಕೇಳುತ್ತಿದ್ದೆ.

ಕಾರ್ತಿಕದ ಉತ್ಥಾನ ದ್ವಾದಶಿ ಬಂತು. ತುಳಸಿಪೂಜೆ ಬಿಡಲಾದೀತೇ? ಬಾಲ್ಕನಿಯ ತುಳಸಿಗೆ ನೆಲ್ಲಿಯ ರೆಂಬೆ ಸಿಕ್ಕಿಸಿ, ಶನಿವಾರದ ಗುಂಪಿನ ಪದ್ಮಾಳನ್ನು ಆರತಿ ಹಾಡಲು ಕರೆದೆ. ಪದ್ಮಾ ಮೈಸೂರಿನವಳು, ಪೆರುಂಗುಡಿಯ ಐಟಿ ಆಫೀಸಿನಲ್ಲಿ ಕೆಲಸ. ಅಷ್ಟು ಓದಿದವಳ ಫೋನಿನಲ್ಲಿ ಒಂದು ಫೋಟೋ ತೆಗೆಯಲೂ ಜಾಗವಿರುವುದಿಲ್ಲ. ಶುಭೋದಯದ ಲಕ್ಷ್ಮಿ, ಏಕಾದಶಿಯ ವಿಠಲ, ಯಾರು ಏನು ಕಳಿಸಿದರೂ ಇಟ್ಟುಕೊಳ್ಳುತ್ತಾಳೆ. ನಿನ್ನ ಫೋನೇನು ಅರಳಿಕಟ್ಟೆಯೇ, ಒಡೆದ ದೇವರ ಪಟಗಳನ್ನೆಲ್ಲ ತಂದಿಡಲು ಎಂದು ನಾನೇ ಎಷ್ಟೋ ಸಲ ಗೇಲಿ ಮಾಡಿದ್ದೆ.

ಆ ಸಂಜೆ ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದೆ. ಅತ್ತೆ ಬಾಗಿಲು ಹಾಕಿಕೊಂಡು ಕೋಣೆಯಲ್ಲಿದ್ದರು. ಬಾಲ್ಕನಿಯಲ್ಲಿ ದೀಪ ಜೋಡಿಸುತ್ತಿದ್ದ ಮಾಲು ಓಡಿ ಬಂದು ನನ್ನ ಸೆರಗು ಹಿಡಿದು ಎಳೆದಳು.

"ಅಮ್ಮಾ, ಪಾಟ್ಟಿ ಪೇಸುರಾಂಗ."

ಅಜ್ಜಿ ಮಾತಾಡುತ್ತಿದ್ದಾರೆ ಎನ್ನುತ್ತಿದ್ದಾಳೆ ಹುಡುಗಿ. ಸೌಟು ಕೈಯಲ್ಲೇ ಹಿಡಿದು ಬಾಲ್ಕನಿಗೆ ಹೋದೆ. ಹಾಡಬೇಕಿದ್ದ ಆರತಿಯ ಸಾಲು ನೆನಪು ಮಾಡಿಕೊಳ್ಳಲು ಪದ್ಮಾ ಫೋನನ್ನು ಕಿವಿಯ ಹತ್ತಿರ ಹಿಡಿದು ಕೂತಿದ್ದಳು. ಅದರೊಳಗಿಂದ ನನ್ನ ಅತ್ತೆ ಬೈಯುತ್ತಿದ್ದರು.

"ಪದ್ಮಾ, ಏನೇ ಇಷ್ಟು ಅವಸರ? ದೇವರೇನು ಬಸ್ಸು ಹಿಡೀಲಿಕ್ಕೆ ಹೊರಟಿದಾನ? ನಿಧಾನ ಹೇಳು."

ಸೌಟು ಹಿಡಿದೇ ಪದ್ಮಾಳ ಪಕ್ಕದಲ್ಲಿ ಕೂತೆ. ಕೋವಿಡ್ ಕಾಲದಲ್ಲಿ ಶನಿವಾರದ ಪಾಠ ನಿಂತಾಗ ಅತ್ತೆ ಒಂದೊಂದು ಸಾಲನ್ನೂ ವಾಟ್ಸಾಪಿನಲ್ಲಿ ಹಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸುತ್ತಿದ್ದರು. ಗುಂಪಿಗೆ ಕಳಿಸಿದರೆ ಯಾರೂ ಕಲಿಯುವುದಿಲ್ಲ ಎಂದು ಅವರ ವಾದ. ಒಂದೇ ಮನೆಯಲ್ಲಿದ್ದ ನನಗೆ ಒಂದೂ ಬಂದಿರಲಿಲ್ಲ, ಹಾಗಾಗಿ ನೆನಪೂ ಬರಲಿಲ್ಲ. ಡಿಸ್ಕು ಕೆಟ್ಟ ಸುದ್ದಿಯನ್ನು ಅತ್ತೆಗೆ ನೋವಾದೀತೆಂದು ಗುಂಪಿನವರಿಗೆ ಹೇಳಿರಲೂ ಇಲ್ಲ. ಇಷ್ಟು ವರ್ಷ ಇದನ್ನೆಲ್ಲ ಅಳಿಸದೆ ಹೇಗೆ ಇಟ್ಟುಕೊಂಡೆಯೇ ಎಂದು ಪದ್ಮಾಳನ್ನು ಕೇಳಿದೆ.

"ಅದ್ರಲ್ಲಿ ಹರಿನಾಮ ಇದೆಯಲ್ಲಕ್ಕ, ಡಿಲೀಟ್ ಮಾಡೋಕೆ ಕೈ ಹೇಗೆ ಬರುತ್ತೆ? ಪಾಪ ಬರಲ್ವಾ?" ಎಂದಳು.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. ಮತ್ತೆ ಹಾಕು ಎಂದು ಕೈ ಮಾಡಿದರು. ಪದ್ಮಾ ಒಂದಾದ ಮೇಲೊಂದು ಹಾಕಿದಳು. ಹಾಡು, ಕೆಮ್ಮು, ಕುಕ್ಕರಿನ ಸೀಟಿ, ನಡುವೆ ನನಗೆ ಹಾಲು ಉಕ್ಕುತ್ತಿದೆ ಎಂದು ಕೂಗಿದ್ದು, ಎಲ್ಲವೂ ಇತ್ತು. ಉಪ್ಪಿಲ್ಲದ ಸಾರಿನ ಹಾಗೆ ಹಾಡಬೇಡ ಎಂದು ತಾವೇ ಬೈದದ್ದನ್ನು ಕೇಳಿ ಅತ್ತೆಯ ಹೊಟ್ಟೆ ಕುಲುಕಿತು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಒಂದು ಸಂದೇಶದ ಕೊನೆಯಲ್ಲಿ ಆ ದನಿ "ಎಲ್ಲಿ, ಈಗ ನೀನು ಹೇಳು" ಎಂದು ಸುಮ್ಮನಾಯಿತು. ಪದ್ಮಾ ಬಾಯಿ ತೆರೆಯುವ ಮೊದಲೇ ಮಾಲು ಹಾಡಿದಳು. ಕನ್ನಡದ ಸಾಲನ್ನು, ತಮಿಳಿನ ಉಚ್ಚಾರದಲ್ಲಿ, ಪೂರ್ತಿಯಾಗಿ. ಅತ್ತೆ ಕೈಯೆತ್ತಿ ತಡೆದರು. ಸರಿಯಾಗಲಿಲ್ಲ, ಇನ್ನೊಮ್ಮೆ ಎಂದು ಬೆರಳು ತೋರಿಸಿ, ತೊಡೆಯ ಮೇಲೆ ತಾಳ ಹಾಕತೊಡಗಿದರು.

ಬಂಧುಗಳೇ, ನಾನು ಬೇಡಿದ್ದು ಡಿಸ್ಕಿನಲ್ಲಿದ್ದುದನ್ನು. ಅದರಲ್ಲಿ ನಾನು ಕತ್ತರಿಸಿ ಚೊಕ್ಕಟ ಮಾಡಿದ ಹಾಡು ಮಾತ್ರ ಇತ್ತು. ಹಯಗ್ರೀವ ದೇವರು ಬೈಗುಳದ ಸಮೇತ ನನ್ನ ಅತ್ತೆಯನ್ನೇ ಹಿಂದಕ್ಕೆ ಕೊಟ್ಟ. ಅವನಿಗೆ ಕೋಟಿ ನಮಸ್ಕಾರ. ಅವನ ಮೇಲೆ ಇನ್ನು ಅನುಮಾನ ಪಡುವವಳಲ್ಲ ನಾನು. ಪದ್ಮಾಳ ಫೋನನ್ನು ಇನ್ನು ಗೇಲಿ ಮಾಡುವವಳೂ ಅಲ್ಲ.

ಆ ಸಂಜೆ ಆರತಿಯಾದ ಮೇಲೆ ಅತ್ತೆ ಕೈಕಾಲು ತೊಳೆದು ದೇವರಮನೆಗೆ ಹೋದರು. ಪಂಚಪಾತ್ರೆಯನ್ನು ಹಣೆಗೆ ಒತ್ತಿಕೊಂಡು, ಮೊದಲು ತಾವು ತೀರ್ಥ ತೆಗೆದುಕೊಂಡು, ಆಮೇಲೆ ನಮಗೆಲ್ಲ ಕೊಟ್ಟರು. ಕೊನೆಗೆ ಪದ್ಮಾ ಬಂದು ಬಲಗೈ ಚಾಚಿದಳು. ಎಡಗೈಯಲ್ಲಿ ಫೋನಿತ್ತು. ಅತ್ತೆ ಉದ್ಧರಣೆಯನ್ನು ಅರ್ಧಕ್ಕೇ ನಿಲ್ಲಿಸಿ, ಮೊದಲು ಅದನ್ನು ದೂರ ಇಟ್ಟು ಬಾ ಎಂದು ಹಜಾರದ ಕಡೆ ಕೈ ತೋರಿಸಿದರು.