ತಕ್ಕಡಿ ಕಾಸು

ದೆವ್ವ, ಮಾಟ, ಮಂತ್ರ ಅಂದರೆ ನನಗೆ ಮೊದಲಿಂದಲೂ ಮೈಯುರಿ. ನಮ್ಮಜ್ಜಿಯ ಕಾಸನ್ನಂತೂ ಒಂದು ದಿನವೂ ನಂಬಿದವನಲ್ಲ. ನೀವೂ ನಂಬಬೇಕಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ಅದು ಈಸ್ಟ್ ಇಂಡಿಯಾ ಕಂಪನಿಯವರು ಹೊರಡಿಸಿದ ತಾಮ್ರದ ಕಾಸು. ಒಂದು ಕಡೆ ಕಂಪನಿಯ ಮುದ್ರೆ, ಇನ್ನೊಂದು ಕಡೆ ತಕ್ಕಡಿ. ಅಂಚಿಗೆ ಈಳಿಗೆಯ ಏಟು ಬಿದ್ದು ಒಂದು ಕಚ್ಚು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಕೊಬ್ಬರಿ ಮಾಡುತ್ತೇವೆ; ಆ ರಾಶಿಯಲ್ಲಿ ಚೇಳಿಗೇನೂ ಬರವಿಲ್ಲ. ನಮ್ಮೂರು ಹಾಲ್ಕುರಿಕೆಯ ಸುತ್ತಮುತ್ತ ಯಾರಿಗೆ ಚೇಳು ಕುಟುಕಿದರೂ ಅಜ್ಜಿಯ ಹತ್ತಿರ ಓಡಿ ಬರುತ್ತಿದ್ದರು. ಹುಣಸೆಹಣ್ಣಿನಲ್ಲಿ ಕಾಸು ತಿಕ್ಕಿ ಗಾಯಕ್ಕೆ ಒತ್ತಿದರೆ ಕಚ್ಚಿಕೊಂಡು ಕೂರುತ್ತಿತ್ತು. ವಿಷ ಇಳಿದ ಮೇಲೆ ತಾನೇ ಉದುರುತ್ತಿತ್ತು.

"ಹುಣಸೆಹಣ್ಣಿನ ಅಂಟು ಕಣಜ್ಜಿ" ಎಂದು ರೇಗಿಸುತ್ತಿದ್ದೆ.

"ನಿಂಗೂ ಒಂದಿನ ಬೇಕಾಯ್ತದೆ ಬುಡ್ಲಾ" ಎಂದು ನಗುತ್ತಿದ್ದಳು.

ಅಜ್ಜಿ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ತೋಟದಲ್ಲಿ ಕೂರಿಸಿ ಮಣ್ಣು ಮಾಡಿದೆವು. ಎಡ ಅಂಗೈಯಲ್ಲಿ ಇಷ್ಟಲಿಂಗ ಇತ್ತು. "ಕಾಸೂ ಅವ್ವನ್ ಜೊತೇಲೇ ಹೋಗ್ಲಿ" ಅಂದರು ಅಪ್ಪ. ಗುಂಡಿಗಿಳಿದು ಬಲಗೈಯಲ್ಲಿ ಕಾಸಿಟ್ಟು ಬೆರಳು ಮಡಿಚಿದವನು ನಾನೇ. ಆಮೇಲೆ ವಿಭೂತಿ, ಪತ್ರೆ, ಮಣ್ಣು.

ಅದಾದ ಮೇಲೆಯೇ ನನ್ನ ಮದುವೆಯಾದದ್ದು. ತೊಂಬತ್ತರ ದಶಕದ ಕೊನೆ. ಮರುವರ್ಷ ನನ್ನ ಹೆಂಡತಿ ಗಿರಿಜಾ ತುಂಬು ಗರ್ಭಿಣಿ. ಕಾಯಿ ಸುಲಿಯುವವರಿಗೆ ಮಜ್ಜಿಗೆ ಕೊಡಲು ಹೋದವಳ ಹಿಮ್ಮಡಿಗೆ ಮಟ್ಟೆ ರಾಶಿಯಿಂದ ಬಂದ ಕೆಂಚೇಳು ಕುಟುಕಿತು. ನೋಡನೋಡುತ್ತಿದ್ದಂತೆ ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗೆ. ಅಯ್ಯೋ, ಎರಡು ಜೀವ! ಒದ್ದೆ ಟವೆಲನ್ನು ಅವಳ ಪಾದಕ್ಕೆ ನಾನೇ ಸುತ್ತಿ, ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ತಿಪಟೂರಿಗೆ ಹೊರಟೆ. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಾಲ ಕಡೆ ಖಾಲಿ ಗೋಣಿಚೀಲಗಳು, ಮತ್ತೆ ಯಾರೂ ಇರಲಿಲ್ಲ. ಅರ್ಧ ದಾರಿಯಲ್ಲಿ ಅವಳ ನರಳಾಟ ನಿಂತಿತು. ಹೋಯ್ತು, ಎಲ್ಲ ಮುಗಿಯಿತು ಅಂದುಕೊಂಡೆ. ಆಟೋದವನಿಗೆ ಬಾಯಿಗೆ ಬಂದಂತೆ ಬೈದೆ, ಪಾಪ.

ಆಸ್ಪತ್ರೆಯಲ್ಲಿ ನರ್ಸು ಟವೆಲು ಬಿಚ್ಚಿ, "ಇದೇನ್ರೀ ಅಂಟ್ಸಿದ್ದೀರಾ?" ಅಂದರು. ಹಿಮ್ಮಡಿಗೆ ಒಂದು ತಾಮ್ರದ ಕಾಸು ಕಚ್ಚಿಕೊಂಡಿತ್ತು. ಎಳೆದರೂ ಬರಲಿಲ್ಲ. ಡಾಕ್ಟರು ಅದನ್ನು ಬಿಟ್ಟು ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ಸಂಜೆ ಹೊತ್ತಿಗೆ ಗಿರಿಜಾಳ ಮೈ ಬೆಚ್ಚಗಾಗುತ್ತಿದ್ದಂತೆ ಕಾಸು ತಾನಾಗಿಯೇ ಕಳಚಿ ಠಣ್ಣನೆ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ತಕ್ಕಡಿ. ಅಂಚಿನಲ್ಲಿ ಅದೇ ಕಚ್ಚು.

"ಯಾರು ಇಟ್ರು ಇದನ್ನ?" ಎಂದೆ.

"ನೀವೇ ಅಲ್ವೇನ್ರೀ, ದಾರಿಯುದ್ದಕ್ಕೂ ಕಾಲು ಹಿಡ್ಕಂಡು ಕೂತಿದ್ದೋರು? ನಿಮ್ ಕೈ ಎಷ್ಟು ತಣ್ಣಗಿತ್ತು!" ಅಂದಳು ಗಿರಿಜಾ.

ಮಗಳು ಸುಸೂತ್ರವಾಗಿ ಹುಟ್ಟಿದಳು. ಇಬ್ಬರನ್ನೂ ಉಳಿಸಿದ್ದು ಡಾಕ್ಟರ ಇಂಜೆಕ್ಷನ್ನೇ ಎಂದು ಇವತ್ತಿಗೂ ವಾದ ಮಾಡುತ್ತೇನೆ. ಕಂಪನಿಯವರು ಒಂದೇ ಕಾಸು ಹೊಡೆಸಿರಲಿಲ್ಲವಲ್ಲ, ಕಚ್ಚು ಬಿದ್ದದ್ದು ಇನ್ನೊಂದು ಇರಬಾರದೇ? ಇರಬಹುದು. ಅದು ಟವೆಲಿನೊಳಗೆ ಹೇಗೆ ಬಂತು ಅಂತ ಯಾರಾದರೂ ಕೇಳಿದರೆ ಮಾತು ಮರೆಸುತ್ತೇನೆ.

ತೋಟದಲ್ಲಿ ಅಗೆದು ನೋಡಿದರೆ ಗೊತ್ತಾಗುತ್ತದೆ. ಗುದ್ದಲಿ ಹಿಡಿದು ಹೋಗಿ, ಸುಮ್ಮನೆ ನಿಂತು ವಾಪಸು ಬಂದದ್ದೂ ಉಂಟು. ಅಜ್ಜಿಯ ಕೈಯಲ್ಲಿ ಕಾಸು ಇದ್ದರೆ, ಆಸ್ಪತ್ರೆಯಿಂದ ತಂದು ನಮ್ಮ ದೇವರ ಗೂಡಿನಲ್ಲಿಟ್ಟಿರುವುದು ಯಾವುದು? ಇಲ್ಲದಿದ್ದರೆ, ನಾನು ಮಡಿಚಿದ ಬೆರಳುಗಳನ್ನು ಬಿಚ್ಚಿದವರು ಯಾರು? ಎರಡರಲ್ಲಿ ಯಾವುದನ್ನು ನೋಡುವುದಕ್ಕೂ ನನಗೆ ಧೈರ್ಯವಿಲ್ಲ.