ಸ್ತೋತ್ರ ಹೇಳಲು ಹೊರಟ ಮುಖ

ಗಾಡಿಗಾಗಿ ಕಾಯುವವನ ಮುಖ ನೋಡಿ ಅವನ ಮತ ಯಾವುದೆಂದು ಹೇಳಲಾಗದು ಎಂಬುದು ವಾಡಿ ಜಂಕ್ಷನ್ನು ನನಗೆ ಕಲಿಸಿದ ಪಾಠ. ಹಣೆಗೆ ವಿಭೂತಿ ಧರಿಸಿದವರಿರಲಿ, ತಲೆಗೆ ಟೊಪ್ಪಿಗೆ ಇಟ್ಟವರಿರಲಿ, ನನ್ನಂತೆ ಅಂಗಿಯ ಕಿಸೆಯಲ್ಲಿ ಪುಟ್ಟ ಹೊಸ ಒಡಂಬಡಿಕೆ ಇಟ್ಟುಕೊಂಡವರಿರಲಿ, ಸೇಡಂ ಕಡೆಯ ಪ್ಯಾಸೆಂಜರು ಇನ್ನೂ ತಡವೆಂದು ತಿಳಿದ ಕ್ಷಣ ಎಲ್ಲರ ಹುಬ್ಬುಗಳೂ ಸರ್ವಧರ್ಮ ಸಮಭಾವದಿಂದ ಗಂಟಿಕ್ಕುತ್ತವೆ. ಆ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ನಾನೇ ಯೋಗ್ಯ. ಶಹಾಬಾದಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಹೆಂಡತಿ ಕಮಲ ಇಟ್ಟಿದ್ದ ಹೆಸರು ‘ತಕರಾರು ಮಾಸ್ತರ’.

ಆ ಶನಿವಾರ ನಾವಿಬ್ಬರೂ ಹೊರಟದ್ದು ಸೇಡಂನಲ್ಲಿದ್ದ ನನ್ನ ಅಕ್ಕ ಮಾರ್ಥಳ ಮನೆಯ ಕೃತಜ್ಞತಾ ಪ್ರಾರ್ಥನೆಗೆ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಅಲ್ಲಿಯ ಕ್ರೈಸ್ತ ಸಭೆಯಲ್ಲಿ ಹಾಡು ಎತ್ತಿಕೊಡುವವಳೂ ಅವಳೇ. ಆ ಬೇಸಿಗೆಯಲ್ಲಿ ಅವಳ ಗಂಟಲಲ್ಲಿ ಗಡ್ಡೆಯೆದ್ದು ಸೊಲ್ಲಾಪುರದಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಜೀವ ಉಳಿಯಿತು. ಧ್ವನಿ ಮಾತ್ರ ಬಂದರೆ ಬಂದೀತು, ಇಲ್ಲದಿದ್ದರೆ ಇಲ್ಲ ಎಂದಿದ್ದರು ಡಾಕ್ಟರು. ಗಾಯ ಮಾಗಿ, ಮಾತಾಡಲು ಅಪ್ಪಣೆ ಸಿಕ್ಕ ಮೇಲೂ ಅಕ್ಕ ಬಾಯಿ ತೆರೆದಿರಲಿಲ್ಲ. ತೆರೆದು, ಏನೂ ಹೊರಡದಿದ್ದರೆ ಎಂಬ ಅಂಜಿಕೆ. ಕೈಸನ್ನೆ, ಚಪ್ಪಾಳೆಗಳಲ್ಲೇ ಸಂಸಾರ ಸಾಗಿತ್ತು. ಆದರೂ ಜೀವ ಉಳಿಸಿದ ದೇವರಿಗೆ ಸ್ತೋತ್ರ ಸಲ್ಲಲೇಬೇಕು, ಪ್ರಾರ್ಥನೆಯನ್ನು ತಮ್ಮನೇ ಮಾಡಬೇಕು ಎಂಬುದು ಅವಳ ಹಟವೆಂದು ಭಾವ ಹೇಳಿ ಕಳಿಸಿದ್ದರು.

ಕನ್ನಡ ಮಾಸ್ತರನ ಪ್ರಾರ್ಥನೆ ಎಂದ ಮೇಲೆ ಕೇಳಬೇಕೆ? ‘ಕರುಣಾವಾರಿಧಿಯೂ ನಿತ್ಯನಿರಂಜನನೂ’ ಎಂದು ಆರಂಭಿಸಿ, ಸ್ವತಃ ಪರಮಾತ್ಮನೇ ಶಬ್ದಕೋಶ ತೆರೆಯಬೇಕಾದಂಥ ಸಮಾಸಗಳನ್ನು ವಾರವಿಡೀ ಹೊಸೆದಿದ್ದೆ. ಆದರೆ ಆ ಪದಗಳ ಅಬ್ಬರದ ಅಡಿಯಲ್ಲಿ ಇನ್ನೊಂದು ಮಾತಿತ್ತು. ಅದನ್ನು ಕಮಲಳಿಗೂ ಹೇಳಿರಲಿಲ್ಲ. ಹಾಡಿನಿಂದಲೇ ನಿನ್ನನ್ನು ಕೊಂಡಾಡುತ್ತಿದ್ದವಳ ಕೊರಳನ್ನೇ ಕಸಿದುಕೊಂಡೆಯಲ್ಲ, ಇದಕ್ಕೆ ಯಾವ ಬಾಯಿಂದ ಸ್ತೋತ್ರ ಹೇಳಲಿ ಎಂಬ ಮಾತು.

ಒಳಗಿನ ಈ ಉರಿಗೆ ಹೊರಗಿನ ದಿನವೂ ಗಾಳಿ ಹಾಕಿತು. ಹೆಡ್‌ಮಾಸ್ತರರು ಮಾತಿಗೆ ಹಿಡಿದು ನಿಲ್ಲಿಸಿಕೊಂಡದ್ದರಿಂದ ಮೊದಲ ಗಾಡಿ ತಪ್ಪಿತು. ವಾಡಿಯ ಸೇತುವೆ ಇಳಿಯುವಾಗ ಚಪ್ಪಲಿಯ ಪಟ್ಟಿ ಹರಿಯಿತು. ಪ್ರಾರ್ಥನೆಗೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಧೋತರ, ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಬಾಳೆಹಣ್ಣನ್ನು ನನಗಿಂತ ಮೊದಲು ಗುರುತಿಸಿತು. ಕಡೆಗೆ ಬಂದ ಗಾಡಿ ಚಿತ್ತಾಪುರ ದಾಟಿ, ತೊಗರಿ ಹೊಲಗಳ ನಡುವೆ ನಿಟ್ಟುಸಿರು ಬಿಟ್ಟು ನಿಂತುಬಿಟ್ಟಿತು. ಎಂಜಿನ್ನು ಕೆಟ್ಟಿತ್ತು.

ಎದುರಿಗೆ ಗುಂಡಗುರ್ತಿಯ ಮುದುಕರೊಬ್ಬರು ಕೂತಿದ್ದರು. ಕೊರಳಲ್ಲಿ ಲಿಂಗ, ಮಡಿಲಲ್ಲಿ ರೊಟ್ಟಿಯ ಗಂಟು. ನನ್ನ ಮುಖವನ್ನು ಬಹಳ ಹೊತ್ತು ಓದಿ, ಮೆಲ್ಲಗೆ ಕೇಳಿದರು: “ಯಾಕ್ರಿ ಸರ, ಮನ್ಯಾಗ ಯಾರರ ತೀರ್ಕೊಂಡಾರೇನ್ರಿ?”

ಕಮಲ ಶಾಂತವಾಗಿ ಹೇಳಿದಳು: “ಇಲ್ರಿ ಯಜಮಾನ್ರ, ದೇವ್ರಿಗೆ ಸ್ತೋತ್ರ ಹೇಳ್ಲಿಕ್ಕ ಹೊಂಟಾರ.”

ಮುದುಕರು ನನ್ನನ್ನು ಮತ್ತೊಮ್ಮೆ ನೋಡಿದರು. “ಹಂಗಾರ ಮೊದಲ ಇಷ್ಟು ರೊಟ್ಟಿ ತಿನ್ರಿ,” ಎಂದು ಗಂಟು ಬಿಚ್ಚಿದರು. “ಹಸಿದವನ ಮಾತು ದೇವ್ರಿಗೂ ಬೈದಂಗ ಕೇಳ್ತದ.” ಜೋಳದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ನಾಚಿಕೆಯಿಂದಲೇ ಕೈ ಚಾಚಿದೆ. ಮತ್ತೆ ಚಾಚುವಾಗ ನಾಚಿಕೆ ಅಷ್ಟಿರಲಿಲ್ಲ.

ಸೇಡಂ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕುಂಟುತ್ತ ಅಕ್ಕನ ಮನೆಗೆ ಬಂದರೆ ಅಂಗಳದಲ್ಲಿ ಜಮಖಾನೆ ಸುತ್ತಿಡುತ್ತಿದ್ದರು ಭಾವ. ಸಭೆಯ ಹಿರಿಯರೊಬ್ಬರು ಪ್ರಾರ್ಥನೆ ಮುಗಿಸಿದ್ದರು. ಬಂದವರು ಉಂಡು ಹೋಗಿದ್ದರು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು, ಕೊರಳಿಗೆ ಸೆರಗು ಸುತ್ತಿಕೊಂಡು. ನನ್ನ ಧೋತರ ನೋಡಿದಳು, ಕೈಯಲ್ಲಿದ್ದ ಚಪ್ಪಲಿ ನೋಡಿದಳು. ಅವಳ ಬಾಯಿ ತೆರೆಯಿತು.

“ಈಗ ಬರೋದೇನೋ ದಾನ್ಯಾ?”

ನನ್ನ ಬಾಲ್ಯದ ಹೆಸರು, ಕಾಳಿಲ್ಲದ ಬೀಸುಕಲ್ಲು ತಿರುಗಿದಂಥ ಸದ್ದಿನಲ್ಲಿ. ಭಾವನ ಕೈಯಿಂದ ಜಮಖಾನೆ ಜಾರಿತು. ಅಕ್ಕನೂ ಬೆಚ್ಚಿ ಕೊರಳು ಮುಟ್ಟಿಕೊಂಡಳು. ಬಂದದ್ದು ತನ್ನದೇ ಧ್ವನಿಯೆಂದು ಖಾತ್ರಿಯಾಗಬೇಕಿತ್ತೇನೋ, ಇನ್ನೊಮ್ಮೆ ಬೈದಳು: “ಯಾವಾಗಿಂದ ಹಾದಿ ನೋಡ್ಲಿಕತ್ತೀನಿ. ಮಂದಿ ಎಲ್ಲ ಉಂಡು ಹೋದ್ರು. ಜರಾ ಖಬರ್ ಅದನೇನು ನಿನಗ?”

ಖಬರ್ ಇರಲಿಲ್ಲ. ಅವಳ ಪಾದದ ಬಳಿ ಹೊಸ್ತಿಲ ಮೇಲೇ ಕೂತುಬಿಟ್ಟಿದ್ದೆ. ಬಾಲ್ಯದಲ್ಲಿ ಅವಳು ಬೈದಾಗ ಓಡಿಹೋಗುತ್ತಿದ್ದವನು ಈಗ ಇನ್ನೂ ಒಂದಿಷ್ಟು ಬೈಯಲೆಂದು ಮುಖವೆತ್ತಿ ಕಾದೆ. ಅವಳೂ ಮೋಸ ಮಾಡಲಿಲ್ಲ. ಅಳುತ್ತ, ಕೆಮ್ಮುತ್ತ, ನಡುನಡುವೆ ನಗುತ್ತ ಬೈದಳು. ಎಂಜಿನ್ನಿನ ದೋಷವನ್ನು ದೇವರ ಲೀಲೆಯೆಂದು ಸಾಧಿಸುವ ಪಾಂಡಿತ್ಯ ನನಗಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಅಕ್ಕ ನನ್ನ ಸಮಾಸಗಳನ್ನು ಕೇಳಿ ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಿದ್ದಳು, ಅಷ್ಟು ಬಲ್ಲೆ.

ಊಟಕ್ಕೆ ಕೂತಾಗ ಪ್ರಾರ್ಥನೆ ಮಾಡೆಂದು ಭಾವ ಹೇಳಿದರು. ಕಣ್ಣು ಮುಚ್ಚಿದೆ. ವಾರವಿಡೀ ಹೊಸೆದ ಒಂದು ಪದವೂ ಬರಲಿಲ್ಲ.

“ತಂದೆಯೇ, ಅಕ್ಕ ಬೈದಳು. ಉಪಕಾರವಾಯಿತು. ಆಮೆನ್.”

ಮುಂದಿನದಕ್ಕೆ ಕಾಯುತ್ತ ಕಮಲ ಒಂದು ಕಣ್ಣು ತೆರೆದಳು. ಮುಂದೆ ಏನೂ ಇರಲಿಲ್ಲ. ಅಕ್ಕ ನನ್ನ ತಟ್ಟೆಗೆ ಅನ್ನ ಬಡಿಸುತ್ತ, ಆ ಒಡಕು ದನಿಯಲ್ಲೇ ಕೇಳಿದಳು: “ಇಷ್ಟೇ ಏನು? ಇದಕ್ಕ ಶಹಾಬಾದಿಂದ ಬರಬೇಕಿತ್ತಾ?”