ಅಕ್ಕೋರ ಸಿಟ್ಟು ನಿಲ್ಲಿಸುವ ವಿಧಾನ

ಮೊದಲೇ ಹೇಳಿಬಿಡುತ್ತೇನೆ, ತಪ್ಪೆಲ್ಲ ನನ್ನದೇ. ಇನ್ನೊಬ್ಬರ ದನಿಯನ್ನು ನಾಲಿಗೆಗೆ ಅಂಟಿಸಿಕೊಳ್ಳುವ ಚಟ ನನಗೆ ಚಿಕ್ಕಂದಿನಿಂದ ಇದೆ. ಅದನ್ನು ಕಂಪ್ಯೂಟರಿಗೂ ಅಂಟಿಸಿದ್ದು ಮಾತ್ರ ಶರಣಮ್ಮ ಅಕ್ಕೋರ ಕೈಕೆಳಗೆ ಇದ್ದಾಗ.

ಆಳಂದದಲ್ಲಿ ಎಣ್ಣೆ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಆಫೀಸು. ತೊಗರಿಬೇಳೆ ಮಿಲ್ಲುಗಳಲ್ಲಿ ಓಡುವ ಸಾಫ್ಟ್‌ವೇರಿಗೆ ಸಹಾಯದ ಪುಟಗಳನ್ನು ಬರೆಯುತ್ತೇವೆ: ತೂಕ ಹೇಗೆ ಹಾಕಬೇಕು, ಯಂತ್ರ ಮುನಿಸಿಕೊಂಡರೆ ಏನು ಒತ್ತಬೇಕು, ಇಂಥವು. ಅತನೂರಿನ ಅಕ್ಕೋರು ಅಲ್ಲಿಗೆ ಹಿರಿಯರು. ಕನ್ನಡಕ ಮೂಗಿನ ತುದಿಗೆ, ನೋಟ ಕನ್ನಡಕದ ಮೇಲಿಂದ. ಬರಹ ಎಷ್ಟೇ ಚಂದವಿರಲಿ, ಪುಟದ ಗುಣಲಕ್ಷಣ ತುಂಬದಿದ್ದರೆ ಅವರು ಒಂದು ಸಾಲನ್ನೂ ಓದುತ್ತಿರಲಿಲ್ಲ. ಶೀರ್ಷಿಕೆ ಏನು, ಬರೆದವರು ಯಾರು, ಹುಡುಕುಪದ ಯಾವುದು, ಸ್ಥಿತಿ 'ಕರಡು' ಎಂದೋ 'ಸಿದ್ಧ' ಎಂದೋ. ಕರಡು ಎಂದದ್ದು ಆಫೀಸಿನಲ್ಲೇ ಉಳಿಯುತ್ತದೆ, ಸಿದ್ಧ ಎಂದದ್ದು ಗಿರಾಕಿಯ ಕೈಗೆ ಹೋಗುತ್ತದೆ.

ಒಮ್ಮೆ ನಾನು ಹುಡುಕುಪದದಲ್ಲಿ ಠೀವಿಯಿಂದ 'ಶುದ್ಧೀಕರಣ ಘಟಕ' ಎಂದು ಹಾಕಿದ್ದೆ.

"ಲೇ ತಮ್ಮಾ, ಮೈತುಂಬ ಬೇಳಿ ಧೂಳು ಮೆತ್ಕೊಂಡು ನಿಂತಾಂವ ಶುದ್ಧೀಕರಣ ಅಂತ ಹುಡುಕ್ತಾನೇನು? ಸಾಣಿಗಿ ಅಂತಾನ. ಸಾಣಿಗಿ ಅಂತ ಹಾಕು."

"ಬ್ಯಾರೆ ಊರಾಗ ಜರಡಿ ಅಂತಾರ್ರಿ ಅಕ್ಕೋರ."

"ಅದನ್ನೂ ಹಾಕು. ನಿಮ್ಮಪ್ಪನ ಗಂಟೇನರ ಹೋಗ್ತದೇನು?"

ಶೀರ್ಷಿಕೆಗೆ ಅವರದೇ ಒಂದು ಪದ್ಧತಿ. ಹೆಸರು ಆರಿಸಿದವರು ಪರದೆಯತ್ತ ಬಾಗಿ ಅದನ್ನು ಕೂಗಬೇಕು. ಅಕ್ಕೋರು ಒಪ್ಪಿದರೆ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಸೋದರತ್ತೆಗೆ ಬೀಳುವ ಹಾಗೆ, ಬೆನ್ನಿಗೆ ಎಲ್ಲರ ಗುದ್ದು. ನಾನು ಹೊಸಬ, ಬೆನ್ನು ಗಟ್ಟಿಯಿತ್ತು, ಹೆಸರಿಡುವ ಕೆಲಸವೆಲ್ಲ ನನ್ನ ಪಾಲಿಗೇ ಬಂತು. ಮೀಸೆ ಇರುವ ಸೋದರತ್ತೆ ಇಡೀ ತಾಲೂಕಿಗೆ ನಾನೊಬ್ಬನೇ.

ಆ ಗುದ್ದುಗಳ ಸೇಡಿಗೆ ನಾನೊಂದು ಪುಟ ಬರೆದೆ. ಶೀರ್ಷಿಕೆ, 'ಅಕ್ಕೋರ ಸಿಟ್ಟು ನಿಲ್ಲಿಸುವ ವಿಧಾನ'. ಒಳಗೆ: ಚಹಾ ಬರುವ ಮುನ್ನ ಮಾತಾಡಿಸಬೇಡಿ. ಕನ್ನಡಕ ತೆಗೆದರೆ ಅದನ್ನು ಎಚ್ಚರಿಕೆಯೆಂದು ತಿಳಿಯಿರಿ. ನಿಲ್ಲಿಸುವ ಗುಂಡಿ ಒದಗಿಸಿಲ್ಲ. ಸ್ಥಿತಿ: ಕರಡು. ಗೆಳೆಯರಿಗೆ ಅಕ್ಕೋರ ದನಿಯಲ್ಲೇ ಓದಿ ತೋರಿಸಿ, ಮರೆತುಬಿಟ್ಟೆ.

ಜೇವರ್ಗಿಯ ಮಿಲ್ಲಿಗೆ ಪುಟಗಳನ್ನು ಒಪ್ಪಿಸುವ ದಿನ ಬಂತು. ಅದು ಸರಿಹೋದರೆ ನನ್ನ ನೌಕರಿ ಕಾಯಂ, ಇಲ್ಲದಿದ್ದರೆ ಮನೆ. ಆ ಮಾತನ್ನು ನಮ್ಮ ಆಫೀಸಿನ ಮಾಲೀಕರು ಅಕ್ಕೋರಿಗೇ ಬಿಟ್ಟಿದ್ದರು. ಅಕ್ಕೋರಿಗೂ ಅದೇ ಕಡೆಯ ಕೆಲಸ, ಆಮೇಲೆ ಸೊಲ್ಲಾಪುರದ ಕಂಪನಿ ಸೇರುವವರಿದ್ದರು. ನಾನು ಬಲು ಶಾಣ್ಯಾನಂತೆ ಪುಟಗಳನ್ನೆಲ್ಲ ಒಟ್ಟಿಗೆ ಆರಿಸಿ, ಬರೆದವರು ಶರಣಮ್ಮ, ಸ್ಥಿತಿ ಸಿದ್ಧ ಎಂದು ಒಂದೇ ಏಟಿಗೆ ಒತ್ತಿದೆ.

ಮಿಲ್ಲಿನಲ್ಲಿ ಸಾವ್ಕಾರರು ಪರದೆಗೆ ಮುಖ ಹಚ್ಚಿ ಓದುತ್ತ ಹೋದವರು ತಟ್ಟನೆ ನಿಂತರು.

"ಮೇಡಮ್ಮರ, ನಿಮ್ಮ ಸಿಟ್ಟಿಗಿ ಗುಂಡಿ ಇಲ್ಲಂತ ನೀವ ಬರ್ದೀರಲ್ರಿ? ಹೆಸರೂ ನಿಮ್ದ ಅದ."

ನಾನು ಬಾಗಿಲತ್ತ ಒಂದು ಹೆಜ್ಜೆ ಸರಿದೆ. ಅಕ್ಕೋರು ಪೂರ್ತಿ ಓದಿದರು. ಕನ್ನಡಕ ತೆಗೆದರು.

"ಹೌದ್ರಿ ಸಾವ್ಕಾರ್ರ. ಹಗಲೆಲ್ಲಾ ಫೋನ್ ಹಚ್ಚಿ ತ್ರಾಸ ಕೊಡೋರು ಮೊದ್ಲ ಓದ್ಲಿ ಅಂತ ಬರ್ದೇನಿ."

ಸಾವ್ಕಾರರು ಹೊಟ್ಟೆ ಹಿಡಿದು ನಕ್ಕರು, ಕೆಲಸ ಒಪ್ಪಿಕೊಂಡರು. ಹೊರಗೆ ಬಂದದ್ದೇ ತಡ, ನನ್ನ ಬೆನ್ನಿಗೆ ಧಪ್ಪನೆ ಒಂದು ಬಿತ್ತು. "ಹೆಸರಿಟ್ಟಿದ್ದಕ್ಕ," ಎಂದರು ಅಕ್ಕೋರು.

ಈಗ ಅವರ ಕುರ್ಚಿ ಖಾಲಿಯಿದೆ. ನಾನು ಅವರ ದನಿ ತೆಗೆದರೆ ಯಾರೂ ನಗುವುದಿಲ್ಲ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲತ್ತ ನೋಡುತ್ತಾರೆ.

ಅವರು ಸೊಲ್ಲಾಪುರದ ಬಸ್ಸು ಹತ್ತಿದ ದಿನ ಚೀಲ ಹೊತ್ತು ಹೋದವನು ನಾನೇ. "ಅಕ್ಕೋರ, ನನ್ನ ನೌಕರಿದು ಏನ್ ಹೇಳಿದ್ರಿ?" ಎಂದೆ, ಅಪರೂಪಕ್ಕೆ ನನ್ನದೇ ದನಿಯಲ್ಲಿ. ಅವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಕನ್ನಡಕದ ಮೇಲಿಂದ ನೋಡಿದರು.

"ಕಾಯಂ ಮಾಡ್ರಿ ಅಂತ ಹೇಳೇನಿ ಲೇ. ನಿನ್ನ ಸ್ಥಿತಿ ಮಾತ್ರ ಇನ್ನಾ ಕರಡ ಅದ. ನೀನ ಸಿದ್ಧ ಅಂತ ಒತ್ತಿಕೋಬ್ಯಾಡ!"